ಒದರೂ ಬಶಿ

ನಮ್ಮ ಮನೆಯ ಛಾವಣಿಗೆ ಕಚ್ಚಿಕೊಂಡಿರುವ ಒಂದು ಬಿಳಿ ಪ್ಲಾಸ್ಟಿಕ್ ವಸ್ತುವಿನ ಬಗ್ಗೆ ನಡೆದಷ್ಟು ಮಾತುಕತೆ ನನ್ನ ಮದುವೆಯ ಬಗ್ಗೆಯೂ ನಡೆದಿರಲಿಲ್ಲ. ಪೇಟೆಯಲ್ಲಿ ಅದಕ್ಕೆ ಸ್ಮೋಕ್ ಅಲಾರ್ಮ್ ಎನ್ನುತ್ತಾರೆ. ಹೊಗೆ ತಾಕಿದರೆ ಕಿರುಚುವುದು ಅದರ ಕೆಲಸ. ನಮ್ಮ ಅತ್ತೆ ಅದಕ್ಕೆ ಇಟ್ಟ ಹೆಸರು ‘ಒದರೂ ಬಶಿ’. ನೋಡಲಿಕ್ಕೆ ಚಹಾದ ಕಪ್ಪಿನ ಕೆಳಗಿಡುವ ಬಶಿಯಷ್ಟೇ ಅಗಲ, ಅಷ್ಟೇ ದುಂಡಗೆ. ಒದರುವುದು ಮಾತ್ರ ಸಂತೆಯಲ್ಲಿ ಮಗು ತಪ್ಪಿಸಿಕೊಂಡವರ ಹಾಗೆ.

ಮಗಳು ಮದುವೆಯಾಗಿ ನಾಗಪುರಕ್ಕೆ ಹೋದ ಮೇಲೆ ಸಿಂಹಗಡ ರಸ್ತೆಯ ನಮ್ಮ ಫ್ಲ್ಯಾಟಿನಲ್ಲಿ ಉಳಿದವರು ನಾವು ಮೂವರು: ನಾನು, ನನ್ನ ಗಂಡ, ಅವರ ತಾಯಿ. ಇವರು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಸುರಕ್ಷತೆಯ ವಿಭಾಗದಲ್ಲಿದ್ದಾರೆ. ಹೆಲ್ಮೆಟ್ ಹಾಕದವರನ್ನು ಬೈಯುವುದು, ಬೆಂಕಿ ಬಿದ್ದರೆ ಹೇಗೆ ಓಡಬೇಕೆಂದು ಬೆಂಕಿ ಬೀಳದಿರುವಾಗಲೇ ಜನರನ್ನು ಓಡಿಸುವುದು ಇವರ ಕೆಲಸ. ಕಂಪನಿಯ ಬಸ್ಸು ನಸುಕಿನಲ್ಲೇ ಬಂದು ಒಯ್ಯುತ್ತದೆ. ನಾನು ಶಿವಾಜಿನಗರದ ಕಾಲೇಜೊಂದರ ಆಫೀಸಿನಲ್ಲಿ ಪ್ರವೇಶದ ಕಾಗದಪತ್ರ ನೋಡುತ್ತೇನೆ. ಮನೆ ಬಿಡುವುದು ಸ್ವಲ್ಪ ತಡವಾಗಿ, ಮನೆ ಸೇರುವುದು ಬಸ್ಸಿನ ಮರ್ಜಿ. ಹೀಗಾಗಿ ಹಗಲೆಲ್ಲ ಅತ್ತೆ ಒಬ್ಬರೇ.

ಒಬ್ಬರೇ ಎಂದರೆ ಪಾಪ ಅನ್ನುವ ಹಾಗಿಲ್ಲ. ಅವರು ಧಾರವಾಡ ಬಿಟ್ಟು ಈ ಊರಿಗೆ ಬಂದು ಎಷ್ಟೋ ಕಾಲವಾಯಿತು. ಮರಾಠಿಯನ್ನು ಧಾರವಾಡದ ರಾಗದಲ್ಲಿ ಸರಾಗವಾಗಿ ಆಡುತ್ತಾರೆ. ಕೆಳಗಿನ ಮಹಡಿಯ ಭಜನಾ ಮಂಡಳಿಯಲ್ಲಿ ಅವರದೇ ಮೊದಲ ದನಿ. ಮನೆಯೊಳಗೆ ಒಲೆಯೆಂಬುದು ಅವರ ಸಂಸ್ಥಾನ. ನಾನು ಸೊಸೆಯಾಗಿ ಬಂದ ದಿನದಿಂದಲೂ ಆ ಸಂಸ್ಥಾನದ ಗಡಿಯಲ್ಲಿ ನಮ್ಮಿಬ್ಬರ ಕದನ ನಡೆದೇ ಇದೆ.

ಒಂದು ಮಧ್ಯಾಹ್ನ ಅವರು ಒಲೆಯ ಮೇಲೆ ಹೆಸರುಕಾಳು ಕುದಿಯಲಿಕ್ಕಿಟ್ಟು ಭಜನೆಗೆ ಇಳಿದರು. ಕಾಳಿನ ನೀರು ಇಂಗಿತು, ಕಾಳು ಸುಟ್ಟಿತು, ಪಾತೇಲಿ ಕರಿಕಲಾಯಿತು, ಅಡಿಗೆಮನೆಯ ಕಿಟಕಿಯಿಂದ ಹೊಗೆ ಹೊರಟಿತು. ಕಾವಲಿನವನು ನೋಡಿ ಕೂಗಿದ. ಎದುರು ಮನೆಯವರ ಬಳಿ ನಮ್ಮ ಕೀಲಿಕೈ ಇದ್ದುದರಿಂದ ಬಾಗಿಲು ತೆಗೆದು ಗ್ಯಾಸ್ ಆರಿಸಿದರು. ಒಂದು ಪಾತೇಲಿ ಹೋದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಅಂದು ಸಂಜೆ ಇವರು ಮನೆಯಲ್ಲಿ ಕಾರ್ಖಾನೆಯ ವಿಚಾರಣೆ ಶುರು ಮಾಡಿದರು. ಒಲೆ ಹಚ್ಚಿದ್ದು ಯಾವಾಗ, ಇಳಿದದ್ದು ಯಾವಾಗ, ಇಳಿಯುವಾಗ ಒಲೆಯ ಕಡೆ ನೋಡಿದ್ದೋ ಇಲ್ಲವೋ.

“ಒಂದು ಪಾತೇಲಿ ಸುಟ್ಟಿದ್ದಕ್ಕ ಪೊಲೀಸ್ರಂಗ ಕೇಳ್ತೀಯಲ್ಲೋ,” ಎಂದರು ಅತ್ತೆ.

“ಪಾತೇಲಿ ಹೋದ್ರ ಹೋಗ್ಲಿ ಅವ್ವ. ನಿನಗ ಏನರೆ ಆಗಿದ್ರ?”

“ನಾ ಭಜನ್ಯಾಗ ಇದ್ದೆ. ನನಗೇನಾಗ್ತದ?”

ಇಷ್ಟರಲ್ಲಿ ಭೋರ್‌ನಿಂದ ನಾದಿನಿಯ ಫೋನು ಬಂತು. ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ, ಅಂಥವು ಹೊಗೆಗಿಂತ ಬೇಗ ಹರಡುತ್ತವೆ. “ವೈನಿ, ಅವ್ವನ್ನ ನನ್ನ ಕಡೆ ಕಳಿಸಿಬಿಡ್ರಿ. ನಾ ಮನ್ಯಾಗ ಇರತೀನಿ, ನೆಲದ ಮ್ಯಾಲಿನ ಮನಿ, ಹಿತ್ತಲದಾಗ ಅಡ್ಡಾಡಿಕೊಂಡು ಇರ್ತಾಳ” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಭೋರ್‌ನಲ್ಲಿ ನಾದಿನಿಯ ಅತ್ತೆಯೂ ಇದ್ದಾರೆ, ಅಲ್ಲಿನ ಒಲೆ ಅವರದು. ಒಂದು ಒಲೆಗೆ ಇಬ್ಬರು ಅತ್ತೆಯರು ಎಂದರೆ ಏನೆಂದು ನಮಗೆಲ್ಲರಿಗೂ ಗೊತ್ತಿತ್ತು.

ಇನ್ನೊಂದು ಉಪಾಯವನ್ನು ಇವರು ಹೇಳಿದರು: ಹಗಲು ಗ್ಯಾಸಿನ ಸಿಲಿಂಡರನ್ನೇ ಬಂದ್ ಮಾಡಿ ಹೋಗುವುದು.

“ಒಲಿ ಮುಟ್ಟಬ್ಯಾಡ ಅಂದ್ರ ಈ ಮನ್ಯಾಗ ನಾ ಏನು ಮಾಡ್ಲಿ? ಕ್ಯಾಲೆಂಡರ್ ಹಂಗ ಗ್ವಾಡಿಗೆ ಜೋತು ಬಿದ್ದಿರ್ಲೇನು?” ಎಂದು ಕೇಳಿ ಅತ್ತೆ ಊಟಕ್ಕೇಳಲಿಲ್ಲ.

ಹೀಗೆ ಬಂತು ಅಲಾರ್ಮಿನ ಮಾತು. ಅದು ಸರಿಯಾಗಿ ಕೆಲಸ ಮಾಡಿದರೆ ಅತ್ತೆ ಇಲ್ಲೇ, ಒಲೆಯೂ ಅವರದೇ. ಇಲ್ಲದಿದ್ದರೆ ಭೋರ್. ಎಪ್ಪತ್ತು ದಾಟಿದ ಹೆಂಗಸೊಬ್ಬಳ ಅನ್ನದ ಒಲೆ ಒಂದು ಬಶಿಯ ಗಂಟಲಿನ ಮೇಲೆ ನಿಂತಿತು.

ಮೊದಲನೆಯ ಬಶಿ ಕರೆಂಟಿನದು. ಬ್ಯಾಟರಿಯದೂ ಸಿಗುತ್ತದಲ್ಲ, ಎರಡು ಸ್ಕ್ರೂ ಬಿಗಿದರೆ ಮುಗಿಯಿತಲ್ಲ ಎಂದೆ. ಇವರು ನನ್ನನ್ನು ಹೆಲ್ಮೆಟ್ ಹಾಕದ ಕೂಲಿಯನ್ನು ನೋಡುವಂತೆ ನೋಡಿದರು. “ಬ್ಯಾಟರೀದು ಮನುಷ್ಯಾರ ನೆನಪಿನ ಮ್ಯಾಲೆ ನಡೀತದ. ಯಾರು ಬದಲಿ ಮಾಡ್ತಾರ, ಯಾವಾಗ ಮಾಡ್ತಾರ? ಕರೆಂಟಿಗೆ ಯಾರ ನೆನಪೂ ಬೇಕಾಗಿಲ್ಲ.” ಕರೆಂಟು ಹೋದಾಗ ನಡೆಯಲೆಂದು ಒಳಗೆ ಬ್ಯಾಟರಿಯೂ ಇರುವ ಮಾದರಿ ಒಂದಿತ್ತಂತೆ. ಅಂಗಡಿಯಲ್ಲಿ ಅವತ್ತು ಅದು ಇರಲಿಲ್ಲ, ಕಾಯುವ ತಾಳ್ಮೆ ಇವರಿಗಿರಲಿಲ್ಲ. ಗುರುವಾರ ಲೈನ್ ದುರಸ್ತಿಗೆಂದು ಕರೆಂಟು ತೆಗೆಯುವ ಊರಿನಲ್ಲಿ ಕೂತು ಬರೀ ಕರೆಂಟಿನದನ್ನು ತಂದರು. ಗುರುವಾರ ಬೆಂಕಿ ಬೀಳಬಾರದೆಂದು ಯಾರಿಗೆ ಹೇಳಿದ್ದರೋ.

ವೈರಿಂಗಿನವನು ಬಂದು ದೀಪಾವಳಿಗೆ ಬಣ್ಣ ಬಳಿಸಿದ್ದ ಛಾವಣಿಯ ತುಂಬ ತೂತು ಕೊರೆದು, ಸ್ವಿಚ್ ಬೋರ್ಡಿನಿಂದ ಅಡಿಗೆಮನೆಯ ಬಾಗಿಲಿನವರೆಗೆ ಪ್ಲಾಸ್ಟಿಕ್ ಪಟ್ಟಿ ಹೊಡೆದು, ಅದರ ತುದಿಗೆ ಬಶಿಯನ್ನು ಕೂರಿಸಿ ಹೋದ. ಅವನು ಲಿಫ್ಟಿನವರೆಗೂ ಹೋಗಿರಲಿಲ್ಲ, ಅತ್ತೆ ಸಾರಿಗೆ ಒಗ್ಗರಣೆ ಹಾಕಿದರು. ಬಶಿ ಒದರಿತು.

ಆ ಮೇಲೆ ಅದು ಒದರದ ದಿನವಿಲ್ಲ. ರೊಟ್ಟಿ ಸುಟ್ಟರೆ ಒದರಿತು, ಬದನೆಕಾಯಿ ಸುಟ್ಟರೆ ಒದರಿತು. ಶುಕ್ರವಾರ ಲೋಬಾನದ ಧೂಪ ಹಾಕಿದರೆ ದೇವರಿಗಿಂತ ಮೊದಲು ಅದಕ್ಕೆ ಮುಟ್ಟಿತು. ಒದರಿದಾಗಲೆಲ್ಲ ಕಾವಲಿನವನು ಇಂಟರ್‌ಕಾಮಿನಲ್ಲಿ “ಕಾಯ್ ಝಾಲಂ ಕಾಕು?” ಎಂದು ಮರಾಠಿಯಲ್ಲಿ ಏನಾಯಿತೆಂದು ವಿಚಾರಿಸುತ್ತಿದ್ದ. ಅತ್ತೆ ಅವನಿಗೆ ಪ್ರತಿ ಸಲವೂ ಇವತ್ತಿನ ಅಡಿಗೆ ಏನೆಂದು ಹೇಳಬೇಕಾಗುತ್ತಿತ್ತು. “ಇಷ್ಟು ವರ್ಷ ನನ್ನ ಅಡಗಿಗೆ ಯಾರೂ ಹಿಂಗ ಒದರಿದ್ದಿಲ್ಲ. ನಿಮ್ಮ ಮಾವನೂ ಒದರಿದ್ದಿಲ್ಲ,” ಎಂದು ನನ್ನೆದುರು ದೂರಿದರು. ಅದನ್ನು ಅಡಿಗೆಮನೆಯಿಂದ ದೂರ ಕೂರಿಸಿ ಎಂದು ನಾನು ಇವರಿಗೆ ಹೇಳಿದೆ. ಇವರು ಪಟ್ಟಿ ಹೊಡೆದಾಗಿದೆ ಎಂದರು.

ಆಮೇಲೆ ಒಂದು ದಿನ ಬಶಿ ಸುಮ್ಮನಾಯಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಸದ್ದೇ ಇಲ್ಲ. ಇವರು ಮೀಸೆಯ ಮೇಲೆ ಕೈಯಾಡಿಸಿ, “ನೋಡಿದೇನು, ಸೆಟ್ ಆತು” ಎಂದರು. ನನಗೆ ಬೇರೆ ತಲೆನೋವು ಶುರುವಾಗಿತ್ತು. ಫ್ರಿಜ್ಜಿನಲ್ಲಿಟ್ಟ ಹಿಟ್ಟು ಹುಳಿಯಾಗುತ್ತಿತ್ತು, ಹಾಲು ಒಡೆಯುತ್ತಿತ್ತು, ಫ್ರಿಜ್ಜಿನ ಕೆಳಗೆ ನೀರು ನಿಲ್ಲುತ್ತಿತ್ತು. ರಿಪೇರಿಯವನನ್ನು ಕರೆಸಿದೆ. ಮಶೀನು ಚೆನ್ನಾಗಿದೆ ಎಂದು ಹೇಳಿ ಹೋದ.

ಒಂದು ಶನಿವಾರ ಕಾಲೇಜು ಬೇಗ ಬಿಟ್ಟಿತು. ಬಾಗಿಲು ತೆಗೆದು ಒಳಗೆ ಬಂದರೆ ಫ್ಯಾನು ನಿಂತಿದೆ, ಫ್ರಿಜ್ಜು ಮೌನವಾಗಿದೆ, ಮನೆ ತುಂಬ ಬ್ಯಾಡಗಿ ಮೆಣಸಿನಕಾಯಿಯ ಘಾಟು. ಕಿಟಕಿಯ ಬೆಳಕಿನಲ್ಲಿ ಅತ್ತೆ ಹಣೆಯ ಬೆವರು ಒರೆಸಿಕೊಳ್ಳುತ್ತ ಸಮಾಧಾನದಿಂದ ಖಾರಕ್ಕೆ ಹುರಿಯುತ್ತಿದ್ದಾರೆ. ತಲೆಯ ಮೇಲೆ ಹೊಗೆ ಮೋಡದಂತೆ ನಿಂತಿದ್ದರೂ ಬಶಿ ತೆಪ್ಪಗಿದೆ. ಬಾಗಿಲ ಹಿಂದಿನ ಮೇನ್ ಸ್ವಿಚ್ ಕೆಳಗಿದೆ.

“ಅತ್ತ್ಯಾರ, ಮೇನ್ ಯಾರು ಇಳಿಸ್ಯಾರ್ರಿ?”

“ನಾನ. ಅದರಾಗೇನದ?” ಎಂದರು, ಸೌಟು ನಿಲ್ಲಿಸದೆ. “ಧಾರವಾಡದಾಗ ನಿಮ್ಮ ಮಾವ ಹೊರಗ ಹೊಂಟ್ರ ಮೇನ್ ಇಳಿಸೇ ಹೋಗತಿದ್ರು. ಗುಡುಗಿದ್ರ ಇಳಸ್ತಿದ್ರು. ಕರೆಂಟ್ ಇದ್ರ ತಾನ ಬೆಂಕಿ? ನಾನೂ ಭಜನಿಗೆ ಹೊಂಟ್ರ ಇಳಿಸೇ ಹೋಗ್ತೀನಿ. ಈಗ ಖಾರ ಹುರಿಯೂ ಮುಂದನೂ ಇಳಸ್ತೀನಿ. ಬಶಿ ಒದರೂದಿಲ್ಲ.”

ನಾನು ಚಪ್ಪಲಿಯನ್ನೂ ಕಳಚದೆ ಕುರ್ಚಿಯ ಮೇಲೆ ಕುಸಿದೆ. ಮನೆಗೆ ಬೆಂಕಿ ಬೀಳಬಾರದೆಂದು ಅತ್ತೆ ಮೇನ್ ಇಳಿಸುತ್ತಿದ್ದರು. ಮನೆಗೆ ಬೆಂಕಿ ಬೀಳಬಾರದೆಂದೇ ಅವರ ಮಗ ಅದೇ ಮೇನಿಗೆ ಅಲಾರ್ಮ್ ಕಟ್ಟಿದ್ದರು. ಒಲೆ ಮರೆತು ಅವರು ಭಜನೆಗೆ ಇಳಿದ ಹೊತ್ತಿಗೇ ಸರಿಯಾಗಿ ಬಶಿ ಸತ್ತಿರುತ್ತಿತ್ತು. ತಾಯಿ ಮಗ ಇಬ್ಬರದೂ ಜಾಗರೂಕತೆಯೇ. ನಡುವೆ ಒಡೆದ ಹಾಲು ಕಾಯಿಸಿ ಹುಚ್ಚಿಯಾದವಳು ನಾನು.

ಸಂಜೆ ಇವರಿಗೆ ಹೇಳಿದೆ. ಇವರು ಎದ್ದು ಹೋಗಿ ಮೇನ್ ಸ್ವಿಚ್ ನೋಡಿ ಬಂದರು. ಆಮೇಲೆ, ನಾನು ಎಂದೂ ಹೇಳಿಯೇ ಇರಲಿಲ್ಲವೇನೋ ಎಂಬಂತೆ, “ಇಂಥಾ ಮನೀಗೆ ಬ್ಯಾಟರೀದ ಬೇಕು” ಎಂದರು.

ಎರಡನೆಯ ಬಶಿ ಹೀಗೆ ಬಂತು. ಎರಡು ಸಣ್ಣ ಸೆಲ್ಲು ಹಾಕಿದರೆ ನಡೆಯುವಂಥದು. ಈ ಸಲ ಅಡಿಗೆಮನೆಯಿಂದ ದೂರಕ್ಕೆ, ಪಡಸಾಲೆಯ ಆಚೆಯ ತುದಿಗೆ ಕೂರಿಸಿದರು. ಹಳೆಯ ಪಟ್ಟಿ ಯಾವುದಕ್ಕೂ ಮುಟ್ಟದೆ ಛಾವಣಿಯ ಮೇಲೆ ಹಾಗೆಯೇ ಉಳಿಯಿತು, ಈಗಲೂ ಇದೆ. ಬಶಿಯ ಹೊಟ್ಟೆಯ ಮೇಲೆ ಒಂದು ಗುಂಡಿ. ಒತ್ತಿದರೆ ಒದರಿ ತೋರಿಸುತ್ತದೆ. ಶುರುವಿನಲ್ಲಿ ಇವರು ಪ್ರತಿ ರವಿವಾರ ಜೇಡರ ಬಲೆ ತೆಗೆಯುವ ಕೋಲಿನ ತುದಿಯಿಂದ ಅದನ್ನು ಒತ್ತಿ, ನಾವಿಬ್ಬರೂ ಕಿವಿ ಮುಚ್ಚಿಕೊಳ್ಳುವುದನ್ನು ನೋಡಿ ಸಂತೋಷಪಡುತ್ತಿದ್ದರು. ಕೆಲವು ರವಿವಾರಗಳ ನಂತರ ಅದೂ ನಿಂತಿತು. “ಈ ಸೆಲ್ಲಿಗೆ ಯಾರೂ ಕೈ ಹಚ್ಚಬಾರದು. ಯಾರೂ ಅಂದ್ರ ಯಾರೂ,” ಎಂದು ಇಬ್ಬರಿಗೂ ತಾಕೀತು ಮಾಡಿದ್ದರು. ನಾವು ಹಚ್ಚಲಿಲ್ಲ.

ದೂರ ಹೋದ ಮೇಲೆ ಬಶಿಗೂ ಬುದ್ಧಿ ಬಂತು. ಒಗ್ಗರಣೆಗೆ ಒದರುವುದನ್ನು ಬಿಟ್ಟಿತು. ಖಾರ ಹುರಿಯುವಾಗ ಅತ್ತೆ ತಾವೇ ಕಿಟಕಿ ತೆಗೆದು ಫ್ಯಾನು ಹಚ್ಚತೊಡಗಿದರು. ಒಮ್ಮೆ ಹಾಲು ಉಕ್ಕಿ ತಳ ಹತ್ತಿದಾಗ ಅದು ಸರಿಯಾಗಿಯೇ ಕೂಗಿತು, ಟಿವಿಯ ಮುಂದಿದ್ದ ಅತ್ತೆ ಎದ್ದು ಹೋಗಿ ಒಲೆ ಆರಿಸಿದರು. ಭೋರ್‌ನ ಮಾತು ಮರೆತುಹೋಯಿತು. ಸಂಜೆ ಬಸ್ಸಿಳಿದು ಬಂದರೆ ಬಿಸಿ ಚಹಾ, ಜೊತೆಗೆ ನನ್ನ ಬಗ್ಗೆ ನಾಲ್ಕು ಟೀಕೆ, ಎರಡೂ ತಪ್ಪದೆ ಸಿಗುತ್ತಿದ್ದವು. ಟೀಕೆಯಿಲ್ಲದ ಚಹಾ ನನಗೆ ಈಗ ರುಚಿಸುವುದೂ ಇಲ್ಲ.

ಆಮೇಲೆ ಒಂದು ಸಂಜೆ ನಾನು ದಣಿದು ಸೋತು ಬಂದಿದ್ದೆ. ಒಗೆದು ಒಣಹಾಕಿದ್ದ ನನ್ನ ಆಫೀಸಿನ ಸೀರೆಗೆ ಮೆಣಸಿನಕಾಯಿಯ ಘಾಟು ಹತ್ತಿತ್ತು. “ನಾ ಆಫೀಸಿಗೆ ಹೋದ್ರ ಮಂದಿ ಮಸಾಲಿ ಅಂಗಡಿ ಬಂತು ಅಂತಾರ್ರಿ,” ಎಂದು ಸೆಡವಿನಿಂದ ಅಂದೆ. ಅತ್ತೆ ಏನೂ ಎದುರಾಡಲಿಲ್ಲ. ಅವರು ಎದುರಾಡದಿದ್ದರೆ ಗಾಬರಿಯಾಗಬೇಕೆಂಬುದು ನನಗೆ ಗೊತ್ತಿರಬೇಕಾಗಿತ್ತು. ಚಹಾದ ಕಪ್ಪು ಕೆಳಗಿಟ್ಟು, ತಮಗೇ ಎಂಬಂತೆ ನುಡಿದರು: “ನಾ ಭೋರ್‌ಗೆ ಹೋಗಿಬಿಡೂದ ಛಲೋ ಅನಸ್ತದ.”

ಚಿಕ್, ಎಂದಿತು ಎಲ್ಲಿಂದಲೋ.

ಅತ್ತೆ ಕುರ್ಚಿಯ ಕೈಯ ಮೇಲೆ ಬೆರಳಿನ ಗಂಟಿನಿಂದ ತಟ್ಟಿ, “ಕೃಷ್ಣ, ಕೃಷ್ಣ” ಎಂದರು. “ಕೇಳಿದೇನು? ಹಲ್ಲಿ ನುಡೀತು. ಖರೇ ಅಂತದ.”

ಮಾತಿನ ಬೆನ್ನಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವೆಂದು ನಮ್ಮಲ್ಲಿ ನಂಬಿಕೆ. ಅದನ್ನು ಒಪ್ಪಿ ಬೆರಳಿನಿಂದ ತಟ್ಟಿ ಕೃಷ್ಣನ ಹೆಸರು ಹೇಳಬೇಕು. ನಾನೂ ಅದರಲ್ಲೇ ಬೆಳೆದವಳು; ಕೈ ನನಗರಿವಿಲ್ಲದೆಯೇ ಮೇಜು ತಟ್ಟಿತ್ತು. ನಮ್ಮ ಟ್ಯೂಬ್‌ಲೈಟಿನ ಹಿಂದೆ ಹಲ್ಲಿಯ ಸಂಸಾರ ಇರುವುದೂ ನಿಜವೇ. ಹಾಗಾಗಿ ಅನುಮಾನಕ್ಕೆ ಕಾರಣವೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು ಹಲ್ಲಿಯ ರಾಜ್ಯಭಾರ. ಅದು ದಿನವಿಡೀ ನುಡಿಯತೊಡಗಿತು. “ಮಗಳ ಮನ್ಯಾಗ ನಾಕು ದಿನ ಇದ್ರ ಅಕೀಗೂ ಸಮಾಧಾನ” ಎಂದರೆ ಚಿಕ್. “ಇಲ್ಲಿ ನನ್ನ ಸಲುವಾಗಿ ಎಲ್ಲಾರಿಗೂ ತ್ರಾಸ” ಎಂದರೆ ಚಿಕ್. ಅತ್ತೆಯ ಮಾತು ಸ್ವಲ್ಪ ಉದ್ದವಾದರೆ ಸಾಕು, ಎಲ್ಲೋ ಒಂದು ಕಡೆ ಹಲ್ಲಿಯ ಅನುಮೋದನೆ ಬಿದ್ದೇ ಬೀಳುತ್ತಿತ್ತು. ಅದು ಎಂದೂ ಯಾವುದಕ್ಕೂ ಇಲ್ಲ ಎನ್ನಲಿಲ್ಲ, ಹಲ್ಲಿಗೆ ಇಲ್ಲ ಎನ್ನಲು ಬರುವುದೂ ಇಲ್ಲವಲ್ಲ. ಒಮ್ಮೆ ನಾನು ಪಾತ್ರೆ ತೊಳೆಯುತ್ತ, “ಈ ಮನ್ಯಾಗ ನನಗ ಸಾಕಾಗಿ ಹೋಗ್ಯದ” ಎಂದು ಗೊಣಗಿದರೆ ಅದಕ್ಕೂ ನುಡಿಯಿತು. ಒಳಗಿನಿಂದ ಅತ್ತೆ ಬಾಗಿಲು ತಟ್ಟಿದ್ದು ಕೇಳಿಸಿತು.

ಇವರಿಗೆ ಕೇಳಿಸುತ್ತಿರಲಿಲ್ಲ. ಕಾರ್ಖಾನೆಯ ಕಂಪ್ರೆಸರುಗಳ ನಡುವೆ ವರ್ಷಗಟ್ಟಲೆ ಅಡ್ಡಾಡಿ ಸಣ್ಣ ಸದ್ದುಗಳೆಲ್ಲ ಇವರ ಕಿವಿಯಿಂದ ಬಿದ್ದುಹೋಗಿವೆ. ಉಳಿದವರ ಕಿವಿಗೆ ಹತ್ತಿ ತುರುಕಿಸುವ ಮನುಷ್ಯ ತನ್ನ ಕಿವಿಗೆ ಏನೂ ಇಟ್ಟುಕೊಂಡಿರಲಿಲ್ಲ. ಅವ್ವ ಭೋರ್‌ಗೆ ಹೋಗುತ್ತಾರಂತೆ ಎಂದು ನಾನು ಹೇಳಿದಾಗ, “ಅಕೀಗೆ ಹೆಂಗ ಅನುಕೂಲ ಆಗ್ತದ ಹಂಗ ಮಾಡ್ಲಿ” ಎಂದರು.

ಆ ಮಾತನ್ನು ಕೇಳಿ ನನಗೆ ಮೈಯುರಿಯಿತು. ಆದರೆ ನಾನು ಅತ್ತೆಗೆ ಹೇಳುತ್ತಿದ್ದುದೂ ಅದನ್ನೇ: “ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ ಅತ್ತ್ಯಾರ.” ನಮ್ಮ ಮನೆಗಳಲ್ಲಿ ಹಿರಿಯರಿಗೆ ಹಾಗೆ ಹೇಳುವುದೇ ಮರ್ಯಾದೆ. ಹೋಗಬೇಡಿ ಎಂದು ಕೈಹಿಡಿಯುವುದು ಬಂದ ಬೀಗರಿಗೆ. ಮನೆಯ ಹಿರಿಯರಿಗೆ ಅಪ್ಪಣೆ ಮಾಡುವ ಹಾಗಿಲ್ಲ. ಅವರು ಹೋಗುವುದು ನನಗೆ ಬೇಡವಾಗಿತ್ತು. ಬೇಡವಾಗಿತ್ತು ಎಂದರೆ ಎದೆಯಲ್ಲಿ ಕಲ್ಲಿಟ್ಟ ಹಾಗೆ ಬೇಡವಾಗಿತ್ತು. ಕೆಲಸದ ಸಲುವಾಗಿ ಅಲ್ಲ. ಇಷ್ಟು ವರ್ಷ ಯಾರ ಜೊತೆ ಜಗಳಾಡಿ ನಾನು ನಾನಾದೆನೋ ಅವರೇ ಎದ್ದು ಹೋದರೆ ಆ ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಏನು ಮಾಡಲಿ? ಇದನ್ನು ಬಾಯಿಬಿಟ್ಟು ಹೇಳುವ ಬದಲು ನಾನು ಪಾತ್ರೆಗಳನ್ನು ಸಪ್ಪಳ ಮಾಡುತ್ತ ಇಡುತ್ತಿದ್ದೆ.

ಅವರು ಗಂಟು ಕಟ್ಟತೊಡಗಿದರು. ಸೀರೆಗಳಿಗಿಂತ ಮೊದಲು ಚೀಲಕ್ಕೆ ಹೋದದ್ದು ರೊಟ್ಟಿ ಸುಡುವ ಕಬ್ಬಿಣದ ಹಂಚು, ಅವರ ತವರಿನದು. ಆಮೇಲೆ ಕುಟ್ಟುವ ಕಲಬತ್ತ. ಹಪ್ಪಳ ಎಲ್ಲಿದೆ, ವರ್ಷದ ಖಾರದ ಪುಡಿಯ ಡಬ್ಬಿಗೆ ಇಂಗಿನ ತುಂಡು ಯಾವಾಗ ಹಾಕಬೇಕು ಎಂದೆಲ್ಲ ನನಗೆ ಹೇಳಿಕೊಟ್ಟರು. ಯಾವ ಗಡಿಯ ಸಲುವಾಗಿ ನಾನು ಸದಾ ಕಾದಾಡಿದೆನೋ ಆ ಸಂಸ್ಥಾನವನ್ನು ಕಾದಾಟವಿಲ್ಲದೆ ನನ್ನ ಕೈಗೆ ಹಾಕುತ್ತಿದ್ದರು. ನನಗೆ ಸಿಟ್ಟು ಬಂದದ್ದೇ ಬಂದದ್ದು. ರವಿವಾರ ಭೋರ್‌ನಿಂದ ನಾದಿನಿಯ ಗಂಡ ಕಾರು ತರುವವನಿದ್ದ.

ಅದು ಶನಿವಾರದ ಸಂಜೆ. ಇವರು ಸೋಫಾದ ಮೇಲೆ ರಿಮೋಟ್ ಹಿಡಿದು ಕೂತಿದ್ದರು. ಒಳಗೆ ಅತ್ತೆ ಚೀಲಕ್ಕೆ ಏನನ್ನೋ ತುರುಕುತ್ತ, “ಹೋಗಿ ಬರ್ತೀನಂತ ದೇವರಿಗೆ ದೀಪ ಹಚ್ಚೀನಿ, ಇನ್ನ ಚಿಂತಿಲ್ಲ” ಎಂದರು. ಚಿಕ್ ಎಂದಿತು. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. ಇಷ್ಟಕ್ಕೆಲ್ಲ ಕಾರಣವಾದ ಆ ಹಲ್ಲಿಯನ್ನು ಕೊಲ್ಲುವುದು ಬೇಡ, ಕನಿಷ್ಠ ಮನೆಯಿಂದಾದರೂ ಓಡಿಸುತ್ತೇನೆ ಎಂದು ಜೇಡರ ಬಲೆಯ ಕೋಲು ಎತ್ತಿಕೊಂಡೆ.

ಟ್ಯೂಬ್‌ಲೈಟಿನ ಹಿಂದೆ ಕೋಲಾಡಿಸಿದರೆ ದಪ್ಪನೆಯದೊಂದು ಹಲ್ಲಿ ಹೊರಬಂದು ಗೋಡೆಯ ಮೇಲೆ ನನ್ನ ಮುಖಕ್ಕೆ ಸರಿಯಾಗಿ ನಿಂತಿತು. ಅದರ ಬಾಯಿ ಮುಚ್ಚಿತ್ತು. ಗಂಟಲು ಅಲುಗಲಿಲ್ಲ. ಚಿಕ್ ಎಂಬ ಸದ್ದು ನನ್ನ ಬೆನ್ನ ಹಿಂದಿನಿಂದ ಬಂತು.

ತಿರುಗಿ ನೋಡಿದೆ. ಪಡಸಾಲೆಯ ಆಚೆಯ ತುದಿಯಲ್ಲಿ ಬಶಿ. ಕಾದು ನಿಂತೆ. ಸ್ವಲ್ಪ ಹೊತ್ತಿಗೆ ಅದರ ಹೊಟ್ಟೆಯಲ್ಲಿ ಕೆಂಪು ಚುಕ್ಕೆ ಮಿಣುಕಿತು, ಅದರ ಜೊತೆಗೇ ಬಂತು ನಮ್ಮ ಮನೆಯ ಭವಿಷ್ಯವಾಣಿ.

ಸ್ಟೂಲು ಎಳೆದು ಹತ್ತಿ ಬಶಿಯನ್ನು ತಿರುವಿ ಬಿಚ್ಚಿದೆ. ಒಳಗೆ ಎರಡು ಸೆಲ್ಲು, ಒಂದರ ತಲೆಗೆ ಬೆಳ್ಳಿ ಕಾಗದದ ಮಡಿಕೆ. ಆ ಮಡಿಕೆ ನನ್ನದೇ ಕೈಕೆಲಸ. ಟಿವಿಯ ರಿಮೋಟಿನಲ್ಲಿ ಸೆಲ್ಲು ಸಡಿಲಾಗಿ ಅಲುಗುತ್ತಿತ್ತೆಂದು ಚಾಕಲೇಟಿನ ಕಾಗದ ಮಡಿಚಿ ನಾನೇ ತುರುಕಿದ್ದೆ. ಸೊರಗಿದಾಗೊಮ್ಮೆ ಬಿಸಿಲಿಗಿಟ್ಟು, ಅಂಗೈಯಲ್ಲಿ ಉಜ್ಜಿ, ಮತ್ತೆ ಮತ್ತೆ ಜೀವ ತುಂಬಿದ ಸೆಲ್ಲುಗಳು ಅವು. ಅವು ಬಶಿಯ ಹೊಟ್ಟೆಯಲ್ಲಿದ್ದರೆ, ಬಶಿಯವು ಎಲ್ಲಿರಬೇಕು?

ಸ್ಟೂಲಿನ ಮೇಲಿನಿಂದಲೇ ಕೆಳಗೆ ನೋಡಿದೆ. ಇವರು ರಿಮೋಟನ್ನು ಮೆಲ್ಲಗೆ ದಿಂಬಿನ ಕೆಳಗೆ ಸರಿಸುತ್ತಿದ್ದರು.

“ರೀ. ಕೈ ಹಚ್ಚಬಾರದು ಅಂದವರು ಯಾರು?”

“ಮ್ಯಾಚ್ ನಡದಿತ್ತು,” ಎಂದರು. “ಕಡೀ ಓವರು. ರಿಮೋಟ್ ಸತ್ತುಬಿಡ್ತು. ನಾಳೆ ಹೊಸಾವು ತಂದು ಹಾಕಿದ್ರಾತು ಅಂತ ಹಂಗ ಬದಲಿ ಮಾಡಿದ್ದೆ.”

“ಯಾವ ನಾಳೆ?”

ಮನುಷ್ಯರ ನೆನಪಿನ ಮೇಲೆ ನಡೆಯುವ ವಸ್ತು ಬೇಡ ಎಂದವರು ಇವರೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಆ ಗಾದೆ ನಮ್ಮ ಮನೆಯ ಮಟ್ಟಿಗೆ ಇಷ್ಟು ಸರಿಯಾಗಿ ಹೊಂದುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ರಾಂಜಣಗಾಂವದ ಕಾರ್ಖಾನೆ ಇನ್ನೂ ಸುಟ್ಟುಹೋಗದಿರುವುದು ಅಲ್ಲಿನ ಗಣಪತಿಯ ಕೃಪೆ ಎಂದದ್ದು ಮಾತ್ರ ನೆನಪಿದೆ.

ಜಗಳದ ಸದ್ದಿಗೆ ಅತ್ತೆ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಕೈಯಲ್ಲಿ ಅರ್ಧ ಮಡಿಚಿದ ಸೀರೆ.

“ಅಂದ್ರ ಅದು ಹಲ್ಲಿ ಅಲ್ಲೇನು?” ಎಂದರು.

“ಅಲ್ರಿ ಅತ್ತ್ಯಾರ. ಸೆಲ್ಲು. ಸೆಲ್ಲು ಸೊರಗಿದ್ರ ಬಶಿ ಹಂಗ ಸಪ್ಪಳ ಮಾಡ್ತದಂತ. ನನ್ನ ಬದಲಿ ಮಾಡ್ರಿ, ನನ್ನ ಬದಲಿ ಮಾಡ್ರಿ ಅಂತ ಹೇಳೂದು ಅದು.”

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಬಂದು ತಮ್ಮ ಕುರ್ಚಿಯಲ್ಲಿ ಕೂತು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸೀರೆಯ ಅಂಚನ್ನು ನೇವರಿಸಿದರು.

“ಹಂಗಾರ ನನಗ ಹೋಗು ಅಂತ ಹೇಳಿದ್ದು ಒಂದು ಸತ್ತ ಸೆಲ್ಲು,” ಎಂದರು. “ಇರಲಿ. ಅದಕ್ಕರ ಒಂದು ಮಾತು ಹೇಳಬೇಕು ಅನಸ್ತು. ಇರು ಅಂತ ಈ ಮನ್ಯಾಗ ಯಾರು ಹೇಳಿದ್ರಿ?”

ಇವರು ದಿಂಬಿನಿಂದ ಕೈ ತೆಗೆದರು. “ಹಂಗಲ್ಲ ಅವ್ವ. ನಿನಗ ಹೆಂಗ ಅನುಕೂಲ—”

“ನೀವು ಸುಮ್ಮನಿರ್ರಿ,” ಎಂದೆ ನಾನು. ಅತ್ತೆಯ ಎದುರು ಇವರಿಗೆ ಹಾಗೆ ಗದರಿದ್ದು ಅದೇ ಮೊದಲು. ಅತ್ತೆ ಕಣ್ಣೆತ್ತಿ ನನ್ನನ್ನು ನೋಡಿದರು.

ನಾನು ಸ್ಟೂಲಿನಿಂದ ಇಳಿದೆ. ದಿಂಬಿನ ಕೆಳಗಿನಿಂದ ರಿಮೋಟನ್ನು ಎಳೆದು, ಅದರ ಬೆನ್ನು ತೆಗೆದು, ಬಶಿಯ ಸೆಲ್ಲು ಎರಡನ್ನೂ ಹೊರತೆಗೆದೆ. ಮತ್ತೆ ಹತ್ತಿ ಬಶಿಗೆ ಹಾಕಿ ತಿರುವಿ ಕೂರಿಸಿದೆ. ಇಳಿದು ನಿಂತೆ. ಅಷ್ಟು ದಿನ ಪ್ರತಿಯೊಂದು ಮಾತಿಗೂ ಹೂಂ ಎನ್ನುತ್ತಿದ್ದದ್ದು ಈಗ ಸುಮ್ಮನಿತ್ತು, ಮುಂದಿನದನ್ನು ನಾನೇ ಆಡಬೇಕಾಗಿತ್ತು.

“ಅತ್ತ್ಯಾರ, ನೀವು ಎಲ್ಲಿಗೂ ಹೋಗಬ್ಯಾಡ್ರಿ,” ಎಂದೆ. ಬೈಗುಳದಂತೆಯೇ ಬಂತು, ಬೇರೆ ದನಿ ನನಗೆ ಗೊತ್ತಿಲ್ಲ. “ನನ್ನ ಸೀರಿ ಎಲ್ಲಾ ಖಾರದ ವಾಸನಿ ಹೊಡೀಲಿ. ನೀವು ಇಲ್ಲಂದ್ರ ನನಗ ಈ ಮನ್ಯಾಗ ಹೊತ್ತು ಹೋಗೂದಿಲ್ಲ. ನನಗ ನೀವು ಬೇಕು.”

ಹೇಳಿದವಳೇ, ಅವರು ಏನನ್ನಾದರೂ ಅನ್ನುವ ಮೊದಲೇ, ಕೋಲೆತ್ತಿ ಬಶಿಯ ಗುಂಡಿಯನ್ನು ಒತ್ತಿದೆ. ಒತ್ತಿ ಹಿಡಿದೆ.

ತನ್ನ ಸೆಲ್ಲಿನ ಬಲದಲ್ಲಿ ಅದು ಒದರಿದ ಒದರಾಟಕ್ಕೆ ಗೋಡೆಯ ಮೇಲಿನ ದಪ್ಪ ಹಲ್ಲಿ ಟ್ಯೂಬ್‌ಲೈಟಿನ ಹಿಂದಕ್ಕೆ ಓಡಿತು. ಎದುರು ಮನೆಯ ಬಾಗಿಲು ತೆಗೆದ ಸದ್ದಾಯಿತು. ಇಂಟರ್‌ಕಾಮ್ ಬಡಿದುಕೊಳ್ಳತೊಡಗಿತು, ಇವರು ಎದ್ದುಹೋಗಿ ಕಾವಲಿನವನಿಗೆ “ಕಾಹೀ ನಾಹೀ, ಕಾಹೀ ನಾಹೀ” ಎಂದು, ಏನೂ ಆಗಿಲ್ಲವೆಂದು ಕೂಗಿ ಹೇಳುತ್ತಿದ್ದರು. ನಾನು ಕೋಲು ಇಳಿಸಲಿಲ್ಲ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದಕ್ಕೆ ಹೊಗೆಯ ನೆಪವೂ ಇರಲಿಲ್ಲ.

ಅತ್ತೆ ಒಂದು ಕೈಯಿಂದ ಕಿವಿ ಮುಚ್ಚಿಕೊಂಡರು. ಇನ್ನೊಂದು ಕೈಯಿಂದ ಕುರ್ಚಿಯ ಕೈಯ ಮೇಲೆ ತಟ್ಟಿದರು. ತುಟಿ ಅಲುಗಿದ್ದು ಕಂಡಿತೇ ಹೊರತು ಒದರಾಟದಲ್ಲಿ ಮಾತು ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

“ಆತು, ಇಳಸು ಕೋಲು. ಖರೇ ಅಂತ ಓಣಿಗೆಲ್ಲಾ ಗೊತ್ತಾತು,” ಎಂದು ಅತ್ತೆ ಎದ್ದು ಬಂದು ನನ್ನ ಕಿವಿಯಲ್ಲೇ ಕೂಗಿ ಕೋಲನ್ನು ನನ್ನ ಕೈಯಿಂದ ಇಸಿದುಕೊಂಡರು. ಬಶಿ ಸುಮ್ಮನಾಯಿತು. “ಭೋರ್‌ಗೆ ಫೋನ್ ಹಚ್ಚು. ಕಾರ್ ತರಬ್ಯಾಡ ಅಂತ ಹೇಳು. ಮತ್ತ ಆ ಚೀಲ ಬಿಚ್ಚು, ಹಂಚು ತಳದಾಗ ಅದ. ರೊಟ್ಟಿ ಹೊತ್ತಾಗ್ಯದ.”

ನಾನು ಭೋರ್‌ಗೆ ಫೋನು ಹಚ್ಚಿದೆ. ಇವರು ಸೆಲ್ಲಿಲ್ಲದ ರಿಮೋಟನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ತಾವಾಗಿಯೇ ಎದ್ದು ಹೋಗಿ ಚೀಲದ ತಳದಿಂದ ತಾಯಿಯ ಹಂಚನ್ನು ಎತ್ತಿ ತಂದು ಒಲೆಯ ಮೇಲಿಟ್ಟರು.